ಪೇಟೆಯ ಮಾತು: ಎಕ್ಸ್‌ಪೋರ್ಟ್ ಮಾಲಿನ ಕೀಲಿ



ನಮ್ಮ ಸೊಲ್ಲಾಪುರ ಪೇಟೆಯಲ್ಲಿ ‘ಎಕ್ಸ್‌ಪೋರ್ಟ್ ಮಾಲು’ ಎಂಬ ಮಾತಿಗೆ ಇರುವ ಬೆಲೆ ತಮಗೆಲ್ಲ ಗೊತ್ತಿದ್ದದ್ದೇ. ಟವೆಲ್ ಇರಲಿ, ಚಾದರ ಇರಲಿ, ಪರದೇಶಕ್ಕೆ ಹೋಗುವ ಮಾಲೆಂದರೆ ನೂಲು ಒಳ್ಳೆಯದು, ಬಣ್ಣ ಗಟ್ಟಿ, ಅಂಚು ನೆಟ್ಟಗೆ. ಎಳೆ ತಪ್ಪಿದ್ದು, ಎಣ್ಣೆಯ ಕಲೆ ಬಿದ್ದದ್ದು ‘ಸೆಕೆಂಡ್ಸ್’ ಎಂದು ಊರ ಸಂತೆಗೆ ಬೀಳುತ್ತದೆ. ಗಿರಾಕಿಯೂ ಅಂಗಡಿಯ ಮೆಟ್ಟಿಲು ಹತ್ತುತ್ತಲೇ ‘ಎಕ್ಸ್‌ಪೋರ್ಟ್ ಪೀಸ್ ಇದ್ರ ತೆಗೀರಿ’ ಎನ್ನುತ್ತಾನೆ. ಹೊರಗಿನವರಿಗೆ ಮೊದಲ ದರ್ಜೆ, ಮನೆಯವರಿಗೆ ಎರಡನೆಯದು. ಇದು ನಮ್ಮ ರೂಢಿ.

ಇದಕ್ಕೆ ತೀರ ಉಲ್ಟಾ ನಡೆದ ಒಂದು ವ್ಯಾಪಾರದ ಸಂಗತಿಯನ್ನು ಈ ತಿಂಗಳು ಹೇಳಬೇಕೆಂದಿದ್ದೇನೆ. 1990ರ ದಶಕದಲ್ಲಿ ಅಮೇರಿಕದ ಸಾಫ್ಟ್‌ವೇರ್ ಕಂಪನಿಗಳು ಒಂದೇ ಮಾಲನ್ನು ಎರಡು ಬಗೆಯಾಗಿ ಮಾರುತ್ತಿದ್ದವು. ಗಟ್ಟಿ ಕೀಲಿ ಇದ್ದದ್ದು ಅಮೇರಿಕ ಮತ್ತು ಕೆನಡಾದ ಗಿರಾಕಿಗೆ. ಒಡೆಯಲು ಬರುವಂಥ ಕೀಲಿ ಇದ್ದದ್ದು ‘ಎಕ್ಸ್‌ಪೋರ್ಟ್’ ಮಾಲು. ಅದು ನಮಗೆ, ಜರ್ಮನಿಯವರಿಗೆ, ಜಪಾನಿನವರಿಗೆ, ಉಳಿದ ಲೋಕಕ್ಕೆಲ್ಲ. ಕಂಪನಿಗಳು ಇದನ್ನು ಸ್ವಂತ ಬುದ್ಧಿಯಿಂದ ಮಾಡಿದ್ದಲ್ಲ. ಅವರ ಸರಕಾರದ ಕಟ್ಟಳೆಯೇ ಹಾಗಿತ್ತು.

ಈಗ ಇದು ನೆನಪಾಗಲು ಕಾರಣ ಅಕ್ಕಲಕೋಟದ ನಮ್ಮ ಬೀಗರು. ಹೋದ ತಿಂಗಳು ಮನೆಗೆ ಬಂದಾಗ ಫೋನಿನಲ್ಲಿ ವಾಟ್ಸಾಪ್ ತೆರೆದು ತೋರಿಸಿ, ‘ಇಲ್ಲಿ ಕೀಲಿ ಚಿತ್ರ ಹಾಕಿ, ನಿಮ್ಮ ಮಾತು ನಮ್ಮ ಕಂಪನಿಯವರೂ ಓದಲಾರರು ಅಂತ ಬರದಾರಲ್ಲ, ಇದು ಖರೇನ್ರಿ?’ ಎಂದು ಕೇಳಿದರು. ಕೀಲಿಯ ಮಟ್ಟಿಗೆ ಖರೆ ಎಂದೆ. ಆದರೆ ಅಂಥ ಕೀಲಿ ನಮ್ಮಂಥವರ ಕೈಗೆ ಬರುವ ಮುಂಚೆ ಏನೇನು ನಡೆಯಿತು, ನಮ್ಮ ಮನೆಗೇ ಅದರ ಬಿಸಿ ಹೇಗೆ ತಟ್ಟಿತು ಎಂದು ಹೇಳುತ್ತ ಕುಳಿತರೆ ಊಟದ ಹೊತ್ತು ಮೀರಿತು. ನಾನು ಮ್ಯಾಟ್ರಿಕ್ ಪಾಸಾದವನು. ಕಂಪ್ಯೂಟರಿನ ವಿದ್ಯೆ ನನ್ನದಲ್ಲ, ತಮ್ಮನಿಂದ ಕೇಳಿ ಕಲಿತದ್ದು. ವ್ಯಾಪಾರದ ಭಾಷೆಯಲ್ಲಿ ಹೇಳುವುದಷ್ಟೇ ನನ್ನ ಕೆಲಸ.

ಮೊದಲು ಈ ಕೀಲಿ ಎಂದರೇನು? ಅದಕ್ಕೆ ಅರಿವೆ ಅಂಗಡಿಯೇ ಸಾಕು. ಹಳೆಯ ಅಂಗಡಿಗಳಲ್ಲಿ ತಾನಿನ ಚೀಟಿಯ ಮೇಲೆ ಅಸಲು ಬೆಲೆಯನ್ನು ಅಂಕೆಯಲ್ಲಿ ಬರೆಯುವುದಿಲ್ಲ, ಅಕ್ಷರದಲ್ಲಿ ಬರೆಯುತ್ತಾರೆ. ಮನೆತನಕ್ಕೊಂದು ಹತ್ತಕ್ಷರದ ಮಾತು ಇರುತ್ತದೆ. ಅದರಲ್ಲಿ ಒಂದೂ ಅಕ್ಷರ ಎರಡು ಸಲ ಬರಬಾರದು. ಮೊದಲನೆಯದು ಒಂದು, ಎರಡನೆಯದು ಎರಡು, ಹೀಗೆ ಕೊನೆಯದು ಸೊನ್ನೆ. ಗಿರಾಕಿಯ ಎದುರೇ ಚೀಟಿ ನೋಡಿ ಎಲ್ಲಿಯವರೆಗೆ ಇಳಿಯಬಹುದೆಂದು ನಾವು ತಿಳಿಯುತ್ತೇವೆ, ಅವನಿಗೆ ತಿಳಿಯದು. ನಮ್ಮ ತಂದೆಯವರು ನಮ್ಮ ಅಂಗಡಿಯ ಮಾತನ್ನು ನನಗೆ ಹೇಳಿಕೊಟ್ಟದ್ದು ನಾನು ಗಾದಿಯ ಮೇಲೆ ಕುಳಿತು ನಾಲ್ಕು ವರ್ಷವಾದ ಮೇಲೆ. ಆ ಹತ್ತು ಅಕ್ಷರ ಯಾವುವೆಂದು ಹೊರಗಿನವನಿಗೆ ಗೊತ್ತಾದರೂ, ಯಾವ ಅಕ್ಷರಕ್ಕೆ ಯಾವ ಅಂಕೆ ಎಂದು ಹೊಂದಿಸುವ ಬಗೆಗಳು 36,28,800. ಒಂದೊಂದಾಗಿ ನೋಡುತ್ತ ಹೋದರೆ ಅವನ ಆಯುಷ್ಯವೇ ತೀರೀತು. (ಜಾಣನಾದ ಎದುರಾಳಿ ನಾಲ್ಕು ಚೀಟಿ ಸಿಕ್ಕರೆ ಅಂದಾಜಿನಲ್ಲೇ ಒಡೆದುಬಿಡುತ್ತಾನೆ, ಆ ಮಾತು ಬೇರೆ.)

ಕಂಪ್ಯೂಟರಿನ ಗೂಢಲಿಪಿಯೂ ಹೀಗೆಯೇ. ಕಾಗದದ ಒಕ್ಕಣೆಯನ್ನು ಅರ್ಥವಾಗದ ಅಕ್ಷರಗಳ ರಾಶಿ ಮಾಡಿ ಕಳಿಸುವುದು, ಕೀಲಿಕೈ ಇದ್ದವನು ಅದನ್ನು ಮತ್ತೆ ಓದುವುದು. ಕೀಲಿಯ ಬಲವನ್ನು ‘ಬಿಟ್’ ಎಂಬ ಅಳತೆಯಲ್ಲಿ ಹೇಳುತ್ತಾರೆ. ಒಂದು ಬಿಟ್ ಹೆಚ್ಚಿದರೆ ಕಳ್ಳನು ಪರೀಕ್ಷಿಸಬೇಕಾದ ಕೀಲಿಕೈಗಳ ಸಂಖ್ಯೆ ಇಮ್ಮಡಿಯಾಗುತ್ತದೆ. ತಮ್ಮನು ಎಷ್ಟು ಸಲ ಹೇಳಿದರೂ ನನ್ನ ತಲೆಗೆ ಹೋಗಿರಲಿಲ್ಲ. ಒಮ್ಮೆ ಸ್ವಾಧ್ಯಾಯದಲ್ಲಿ ಪಂಡಿತರು ಧವಲಾ ಟೀಕೆಯ ‘ಅರ್ಧಚ್ಛೇದ’ವನ್ನು ವಿವರಿಸುತ್ತಿದ್ದರು. ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧ ಮಾಡಿದರೆ ಒಂದಕ್ಕೆ ಇಳಿಯುವುದೋ ಅದು ಆ ಸಂಖ್ಯೆಯ ಅರ್ಧಚ್ಛೇದ. 16ಕ್ಕೆ 4, 32ಕ್ಕೆ 5. ಅಲ್ಲಿಯೇ ನನಗೆ ಹೊಳೆಯಿತು, ಬಿಟ್ ಎಂಬುದು ಇದೇ ಲೆಕ್ಕ! ವೀರಸೇನಾಚಾರ್ಯರು ಸಾವಿರ ವರ್ಷಕ್ಕೂ ಹಿಂದೆ ಹೇಳಿದ್ದು, ಮೂಡಬಿದಿರೆಯ ತಾಳೆಗರಿಗಳಲ್ಲಿ ಉಳಿದು ಬಂದದ್ದು, ನನಗೆ ಅಮೇರಿಕದ ಕೀಲಿಯನ್ನು ತಿಳಿಸಿಕೊಟ್ಟಿತು. ಆ ಲೆಕ್ಕದಲ್ಲಿ ನಮ್ಮ ಅಂಗಡಿಯ ಕೀಲಿ 22 ಬಿಟ್ಟಿಗೂ ಸ್ವಲ್ಪ ಕಡಿಮೆಯೇ.

ಈಗ ಅಮೇರಿಕದ ಕಟ್ಟಳೆಗೆ ಬರೋಣ. ಅಲ್ಲಿ 1976ರ ಒಂದು ಕಾಯದೆಯಂತೆ ಶಸ್ತ್ರಾಸ್ತ್ರ ರಫ್ತಿನ ಮೇಲೆ ಹತೋಟಿ ಇದೆ. ತೋಪು, ಟ್ಯಾಂಕು, ಯುದ್ಧವಿಮಾನಗಳ ಯಾದಿ ಮಾಡಿ, ಇವುಗಳನ್ನು ಲೈಸೆನ್ಸ್ ಇಲ್ಲದೆ ಹೊರಗೆ ಕಳಿಸಕೂಡದೆಂದು ಹೇಳುತ್ತದೆ. ಅದೇ ಯಾದಿಯಲ್ಲಿ ಗೂಢಲಿಪಿಯ ಸಾಫ್ಟ್‌ವೇರ್ ಕೂಡ ಇತ್ತು. ಅಂದರೆ ಒಬ್ಬ ವ್ಯಾಪಾರಿ ಇನ್ನೊಬ್ಬ ವ್ಯಾಪಾರಿಗೆ ದರಪಟ್ಟಿ ಮುಚ್ಚಿ ಕಳಿಸುವ ಸಾಧನವೂ ತೋಪಿನ ಸಾಲಿನಲ್ಲೇ. 1992ರಲ್ಲಿ ಸಾಫ್ಟ್‌ವೇರ್ ಕಂಪನಿಗಳ ಸಂಘ ಮತ್ತು ಅಲ್ಲಿಯ ಗೂಢಚರ್ಯೆಯ ಇಲಾಖೆಯಾದ ಎನ್‌ಎಸ್‌ಎ ನಡುವೆ ಒಂದು ಒಪ್ಪಂದವಾಯಿತು. 40 ಬಿಟ್ಟಿನವರೆಗಿನ ಕೀಲಿಯಾದರೆ ಬೇಗ ಪರವಾನಗಿ, ಅದಕ್ಕಿಂತ ಗಟ್ಟಿಯಾದರೆ ಸಾಮಾನ್ಯ ಗಿರಾಕಿಗೆ ಇಲ್ಲ. ಬ್ಯಾಂಕುಗಳ ಹಣದ ವ್ಯವಹಾರಕ್ಕೆ ಮಾತ್ರ ಬೇರೆ ರಿಯಾಯಿತಿ ಇತ್ತು.

ನೆಟ್‌ಸ್ಕೇಪ್ ಎಂಬ ಹೆಸರು ಹಳಬರಿಗೆ ನೆನಪಿರಬಹುದು, ಇಂಟರ್‌ನೆಟ್ ನೋಡಲು ಅಂದಿನವರು ಬಳಸುತ್ತಿದ್ದದ್ದು. ಅದರ ಅಮೇರಿಕದ ಆವೃತ್ತಿಗೆ 128 ಬಿಟ್ಟಿನ ಕೀಲಿ, ಹೊರದೇಶದ್ದಕ್ಕೆ 40. ಹೊರದೇಶದ್ದರ ಮೇಲೆ ‘ಅಂತರರಾಷ್ಟ್ರೀಯ ಭದ್ರತೆ’ ಎಂದು ಬರೆದಿರುತ್ತಿದ್ದರು. ಓದಿದರೆ ಏನೋ ದೊಡ್ಡದು ಸಿಕ್ಕಿತೆಂದು ಅನಿಸಬೇಕು! ಪರದೆಯ ಮೂಲೆಯಲ್ಲಿ ಒಂದು ಚಿಕ್ಕ ಕೀಲಿಕೈಯ ಚಿತ್ರ. ಕೀಲಿ ಗಟ್ಟಿ ಇದ್ದರೆ ಆ ಕೀಲಿಕೈಗೆ ಎರಡು ಹಲ್ಲು, ಸಡಿಲಿದ್ದರೆ ಒಂದೇ ಹಲ್ಲು. ಇಷ್ಟೇ ಗುರುತು. ಸೆಕೆಂಡ್ಸ್ ಮಾಲಿನ ಮೇಲೆ ನಾವು ಶಿಕ್ಕಾ ಹೊಡೆದು ಕೊಡುತ್ತೇವೆ, ಗಿರಾಕಿ ನೋಡಿಯೇ ಒಯ್ಯುತ್ತಾನೆ. ಇಲ್ಲಿ ಹಲ್ಲು ಎಣಿಸಬೇಕೆಂದು ಯಾವ ಗಿರಾಕಿಗೆ ಗೊತ್ತಿತ್ತು?

ನಮ್ಮ ಮನೆಯ ಸಂಗತಿ ನಡೆದದ್ದು 1998ರಲ್ಲಿ. ತಮ್ಮನಿಗೆ ಆಗ ಇಪ್ಪತ್ತಾರು ವರ್ಷ, ಬಿ.ಕಾಂ. ಮುಗಿಸಿ ಕಂಪ್ಯೂಟರ್ ಕೋರ್ಸನ್ನೂ ಮಾಡಿಕೊಂಡು ಅಂಗಡಿಯಲ್ಲಿ ಒಂದು ಕಂಪ್ಯೂಟರ್ ತಂದಿಟ್ಟಿದ್ದ. ಅಮೇರಿಕದ ಒಬ್ಬ ಖರೀದಿದಾರರು ಟವೆಲ್ಲಿನ ಸ್ಯಾಂಪಲ್ ಮೆಚ್ಚಿ, ಒಂದು ಕಂಟೇನರ್ ಮಾಲಿಗೆ ನಮ್ಮ ಅಖೇರಿ ದರಪಟ್ಟಿಯನ್ನು ತಮ್ಮ ಜಾಲತಾಣದಲ್ಲಿ ತುಂಬಲು ಹೇಳಿದ್ದರು. ನಾಲ್ಕು ದಿನದ ಗಡುವು. ತಮ್ಮ ತುಂಬಲು ಹೋದರೆ ಆ ತಾಣ ಒಳಗೇ ಬಿಡಲಿಲ್ಲ. ನಿಮ್ಮದು ಒಂದು ಹಲ್ಲಿನ ಕೀಲಿಕೈ, ಎರಡು ಹಲ್ಲಿನದನ್ನು ತನ್ನಿ ಎಂಬ ಅರ್ಥದ ಮಾತು ಬಂತು. ಅವರು ಹೇಳಿದ್ದು ಸರಿಯೇ, ಒಡೆಯುವ ಕೀಲಿಯಲ್ಲಿ ಯಾರಾದರೂ ದರ ತರಿಸಿಕೊಳ್ಳುವರೇ? ಆದರೆ ಎರಡು ಹಲ್ಲಿನದನ್ನು ನಮಗೆ ಕೊಡಬಾರದೆಂದು ಹೇಳಿದವರೂ ಅವರ ಸರಕಾರದವರೇ.

ತಮ್ಮ ಹುಡುಕಾಡಿ ಗಟ್ಟಿ ಆವೃತ್ತಿ ಸಿಗುವ ಜಾಗ ಕಂಡುಹಿಡಿದ. ಅಲ್ಲಿ ಒಂದು ಫಾರ್ಮು. ಹೆಸರು, ವಿಳಾಸ, ಫೋನ್ ನಂಬರು ಬರೆದು, ನಾನು ಅಮೇರಿಕ ಅಥವಾ ಕೆನಡಾದ ನಾಗರಿಕ ಇಲ್ಲವೇ ಅಲ್ಲಿಯ ಕಾಯಂ ನಿವಾಸಿ ಎಂದು ಒಪ್ಪಿ ಒಂದು ಗುಂಡಿ ಒತ್ತಬೇಕು. ಶಿಕಾಗೋದಲ್ಲಿದ್ದ ನಮ್ಮ ಸೋದರತ್ತೆಯ ಮಗನ ವಿಳಾಸ ಹಾಕಿಬಿಡೋಣ ಎಂದು ತಮ್ಮನ ವಿಚಾರ. ಆ ಕಾಲದಲ್ಲಿ ಲೋಕದ ತುಂಬ ಜನ ಹಾಗೆಯೇ ಮಾಡುತ್ತಿದ್ದರು. ಗಾದಿಯ ಮೇಲಿದ್ದ ತಂದೆಯವರು ಇದನ್ನು ಕೇಳಿಸಿಕೊಂಡರು.

‘ಯಾಕೋ, ನೀ ಯಾವಾಗ ಅಮೇರಿಕಾದಾಂವ ಆದಿ?’

‘ಹಂಗಲ್ಲ ಅಪ್ಪಾ, ಇದೊಂದು ಗುಂಡಿ ಒತ್ತೂದು ಅಷ್ಟ. ಯಾರೂ ಕೇಳಂಗಿಲ್ಲ.’

‘ಯಾರೂ ಕೇಳಂಗಿಲ್ಲ ಅಂದ್ರ ಅವರು ಬರದು ಯಾಕ ಕೇಳ್ಯಾರ?’

ತಮ್ಮ ಬಿಡಲಿಲ್ಲ. ‘ನೀವು ಚೀಟಿ ಮ್ಯಾಲ ಅಸಲು ಬೆಲೆ ಮುಚ್ಚಿ ಬರಿಯೂದಿಲ್ಲೇನು? ಇದೂ ಹಂಗ.’

ತಂದೆಯವರು ಚಷ್ಮಾ ತೆಗೆದಿಟ್ಟು ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. ‘ಮುಚ್ಚಿಡೂದು ಬ್ಯಾರೆ, ಸುಳ್ಳು ಹೇಳೂದು ಬ್ಯಾರೆ. ಚೀಟಿ ನೋಡಿ ಇದರ ಅಸಲು ಎಷ್ಟ್ರಿ ಅಂತ ಗಿರಾಕಿ ಕೇಳಿದ್ರ ನಾ ಹೇಳೂದಿಲ್ಲ ಅಂತೀನಿ. ತಪ್ಪು ಸಂಖ್ಯಾ ಹೇಳೂದಿಲ್ಲ.’ ಅಲ್ಲಿಗೆ ಮಾತು ಮುಗಿಯಿತು. ದರಪಟ್ಟಿ ಫ್ಯಾಕ್ಸಿನಲ್ಲಿ ಹೋಗಲಿ ಎಂದರು.

ನಮ್ಮ ಫ್ಯಾಕ್ಸ್ ಮಶೀನು ಆ ವಾರ ಕೆಟ್ಟು ಕುಳಿತಿತ್ತು. ಕಾಗದ ಹಿಡಿದು ನಾನೇ ಪೇಟೆಯ ಒಂದು ಎಸ್‌ಟಿಡಿ ಬೂತಿಗೆ ಹೋದೆ. ಬೂತಿನವನು ಕಾಗದವನ್ನು ಮಶೀನಿಗೆ ಕೊಡುವ ಮುನ್ನ ಮೇಲಿನಿಂದ ಕೆಳಗೆ ಪೂರ್ತಿ ಓದಿ, ಪಾಳಿಯಲ್ಲಿ ನಿಂತ ಮೂರು ಜನರ ಎದುರಿಗೆ, ‘ಶೇಠ್ರ, ಡಜನಿಗೆ ಹದಿನಾಕು ಡಾಲರಿಗೆ ಗಿಟ್ಟತದೇನ್ರಿ?’ ಎಂದು ಕೇಳಿದ! ಆ ಮೂವರಲ್ಲಿ ಇಬ್ಬರು ನಮ್ಮದೇ ಧಂದೆಯವರು. ಲೈನು ಮೂರು ಸಲ ತಪ್ಪಿ ನಾಲ್ಕನೆಯ ಸಲಕ್ಕೆ ಕಾಗದ ಹೋಯಿತು. ಎಂಟು ದಿನದ ಮೇಲೆ ಖರೀದಿದಾರರ ಉತ್ತರ ಬಂತು, ಆರ್ಡರು ಬೇರೆಯವರಿಗೆ ಹೋಗಿದೆ, ಅವರ ದರ ನಿಮ್ಮದಕ್ಕಿಂತ ತುಸು ಕಡಿಮೆ ಎಂದು. ಯಾರ ಬಾಯಿಂದ ಯಾರ ಕಿವಿಗೆ ಹೋಯಿತೋ ನನಗೆ ಸಿದ್ಧ ಮಾಡಲು ಬಾರದು, ಆದ್ದರಿಂದ ಯಾರ ಮೇಲೂ ಹೊರಿಸುವುದಿಲ್ಲ. ತಮ್ಮ ನಾಲ್ಕು ದಿನ ತಂದೆಯವರ ಹತ್ತಿರ ಮಾತಾಡಲಿಲ್ಲ.

ತಂದೆಯವರು ಸುಳ್ಳು ಬೇಡ ಎಂದದ್ದರಲ್ಲಿ ನಾನು ತಪ್ಪು ಕಾಣುವುದಿಲ್ಲ. ನನ್ನ ಸಿಟ್ಟು ಆ ಕಟ್ಟಳೆ ಮಾಡಿದವರ ಮೇಲೆ. ಗುಂಡಿ ಒತ್ತಿ ಸುಳ್ಳು ಹೇಳಿದವನಿಗೆ 128 ಬಿಟ್ಟಿನ ಕೀಲಿ ಸಿಕ್ಕಿತು, ಖರೇ ಹೇಳಿದವನಿಗೆ 40. ಕೆಟ್ಟ ಕೆಲಸ ಮಾಡುವವನು ಸುಳ್ಳು ಹೇಳಲು ಹಿಂದೆಮುಂದೆ ನೋಡುವನೇ? ಅವನಿಗಾಗಿ ಹಾಕಿದ ಬೇಲಿ ಅವನನ್ನು ಬಿಟ್ಟು ಉಳಿದವರನ್ನೆಲ್ಲ ಹಿಡಿಯಿತು. ಅಮೇರಿಕದ ಆ ಖರೀದಿದಾರರಿಗೂ ನಷ್ಟವೇ, ಅವರ ತಾಣಕ್ಕೆ ನಮ್ಮಂಥವರು ಎಷ್ಟು ಜನ ಬಂದು ಹಿಂತಿರುಗಿದರೋ.

ಇನ್ನು 40 ಬಿಟ್ ಎಂದರೆ ಎಷ್ಟು ಸಡಿಲು? ಕೀಲಿಕೈಗಳ ಸಂಖ್ಯೆ 1,09,951 ಕೋಟಿಗೂ ಮೇಲೆ. ಮನುಷ್ಯನಿಗೆ ಅದು ಸಮುದ್ರ. ಆದರೆ ಎಣಿಸುವವನು ಮನುಷ್ಯನಲ್ಲವಲ್ಲ. 1995ರ ಆಗಸ್ಟಿನಲ್ಲಿ ಫ್ರಾನ್ಸ್ ದೇಶದ ಡೇಮಿಯನ್ ಡೊಲಿಗೆ ಎಂಬ ಸಂಶೋಧಕರು ನೆಟ್‌ಸ್ಕೇಪಿನ ಎಕ್ಸ್‌ಪೋರ್ಟ್ ಕೀಲಿಯಲ್ಲಿ ಮುಚ್ಚಿದ ಒಂದು ಒಕ್ಕಣೆಯನ್ನು ಸುಮಾರು 120 ಕಂಪ್ಯೂಟರುಗಳನ್ನು ಬಳಸಿ ಎಂಟು ದಿನಗಳಲ್ಲಿ ಒಡೆದು ತೋರಿಸಿದರು. ಅವು ಕಾಲೇಜು, ಸಂಶೋಧನಾಲಯಗಳಲ್ಲಿ ಕೆಲಸವಿಲ್ಲದೆ ಇದ್ದ ಹೊತ್ತಿನಲ್ಲಿ ಬಳಸಿದ ಯಂತ್ರಗಳು. 1997ರ ಜನೇವರಿಯಲ್ಲಿ ಆರ್‌ಎಸ್‌ಎ ಎಂಬ ಕಂಪನಿ ಒಂದು ಪಂದ್ಯ ಇಟ್ಟಿತು. ಕ್ಯಾಲಿಫೋರ್ನಿಯದ ಬರ್ಕಲಿಯಲ್ಲಿ ಓದುತ್ತಿದ್ದ ಇಯಾನ್ ಗೋಲ್ಡ್‌ಬರ್ಗ್ ಎಂಬ ವಿದ್ಯಾರ್ಥಿ ಸುಮಾರು 250 ಯಂತ್ರಗಳಿಂದ 40 ಬಿಟ್ಟಿನ ಕೀಲಿಯನ್ನು ಮೂರೂವರೆ ಗಂಟೆಯಲ್ಲಿ ತೆಗೆದ. ಒಳಗಿದ್ದ ಒಕ್ಕಣೆ ಏನೆಂದರೆ, ಇದಕ್ಕಾಗಿಯೇ ಉದ್ದನೆಯ ಕೀಲಿಕೈ ಬಳಸಬೇಕು ಎಂಬ ಉಪದೇಶ! ಇದೆಲ್ಲ ನಡೆದ ಮೇಲೂ 1998ರಲ್ಲಿ ನಮ್ಮ ಅಂಗಡಿಯ ಪರದೆಯ ಮೇಲೆ ಇದ್ದದ್ದು ಅದೇ ಒಂದು ಹಲ್ಲಿನ ಕೀಲಿಕೈ. 128ರ ಕೀಲಿಯಾದರೋ 40ರದಕ್ಕಿಂತ ಎಷ್ಟು ಪಟ್ಟು ದೊಡ್ಡದೆಂದರೆ, 3 ಬರೆದು ಅದರ ಮುಂದೆ 26 ಸೊನ್ನೆ ಹಾಕಬೇಕು. ಅದನ್ನು ಒಂದೊಂದಾಗಿ ನೋಡಿ ಒಡೆದವರು ಇಂದಿನವರೆಗೂ ಇಲ್ಲ.

ನನಗೆ ಎಲ್ಲಕ್ಕಿಂತ ಬೇಸರ ಬಂದದ್ದು ಇನ್ನೊಂದು ಸಂಗತಿ ತಿಳಿದಾಗ. ಎಕ್ಸ್‌ಪೋರ್ಟ್ ಕೀಲಿ ಎಂದರೆ ಅವರು ಬೇರೆ ಸಣ್ಣ ಕೀಲಿ ಮಾಡಿ ಕೊಟ್ಟದ್ದಲ್ಲ. ನೆಟ್‌ಸ್ಕೇಪಿನ ಮೊದಲ ಪದ್ಧತಿಯಲ್ಲಿ ಕೀಲಿ ಅದೇ 128 ಬಿಟ್ಟಿನದು, ಆದರೆ ಅದರ ಕೀಲಿಕೈಯ 88 ಬಿಟ್ಟುಗಳನ್ನು ಪತ್ರದ ಜೊತೆ ಬಹಿರಂಗವಾಗಿಯೇ ಕಳಿಸುವಂತೆ ಮಾಡಿದ್ದರು. ಉಳಿದ 40 ಮಾತ್ರ ಗುಟ್ಟು. ತಿಜೋರಿಗೆ ದೊಡ್ಡ ಕೀಲಿ ಜಡಿದು, ಕೀಲಿಕೈಯ ಮೂರರಲ್ಲಿ ಎರಡು ಪಾಲು ಹಲ್ಲಿನ ನಕ್ಷೆಯನ್ನು ಬಾಗಿಲ ಮೇಲೆಯೇ ಬರೆದಂತೆ.

ಆಸ್ಟ್ರೇಲಿಯಾದ ಒಬ್ಬ ತಜ್ಞರು 1997ರಲ್ಲಿ ‘ಫಾರ್ಟಿಫೈ’ ಎಂಬ ಸಣ್ಣ ಸಾಧನ ಮಾಡಿ ಪುಕ್ಕಟೆ ಹಂಚಿದರು. ಅದನ್ನು ಹಾಕಿದರೆ ಎಕ್ಸ್‌ಪೋರ್ಟ್ ನೆಟ್‌ಸ್ಕೇಪಿಗೆ ಪೂರ್ತಿ 128ರ ಬಲ ಬರುತ್ತಿತ್ತು, ಏಕೆಂದರೆ ಬಲ ಒಳಗೇ ಇತ್ತು, ಕಟ್ಟಿಹಾಕಿದ್ದರು ಅಷ್ಟೇ. ಅದು ಅಮೇರಿಕದಿಂದ ಹೊರಟ ಮಾಲಲ್ಲ, ಆದ್ದರಿಂದ ಯಾರೂ ಯಾವ ಫಾರ್ಮೂ ತುಂಬಬೇಕಿರಲಿಲ್ಲ. ಆರ್ಡರು ಹೋದ ಒಂದು ತಿಂಗಳಿಗೆ ತಮ್ಮ ಇದನ್ನು ಪತ್ತೆ ಹಚ್ಚಿದ. ತಂದೆಯವರು, ‘ಇದರಾಗ ಏನರೆ ಸುಳ್ಳು ಬರೀಬೇಕೇನು?’ ಎಂದು ಕೇಳಿದರು. ಇಲ್ಲ ಎಂದ. ‘ಹಂಗಾರ ಹಾಕು’ ಎಂದರು. ಅಷ್ಟೇ.

ಅಮೇರಿಕದ ಸರಕಾರದ ಬದಿಯ ಮಾತನ್ನೂ ಹೇಳಬೇಕು, ಇಲ್ಲವಾದರೆ ನ್ಯಾಯವಲ್ಲ. ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ‘ಎನಿಗ್ಮಾ’ ಯಂತ್ರದ ಗೂಢಲಿಪಿಯನ್ನು ಇಂಗ್ಲೆಂಡಿನ ಬ್ಲೆಚ್ಲಿ ಪಾರ್ಕಿನಲ್ಲಿ ಕುಳಿತು ಒಡೆದದ್ದರಿಂದ ಎಷ್ಟು ಹಡಗುಗಳು, ಎಷ್ಟು ಜೀವಗಳು ಉಳಿದವೋ ಲೆಕ್ಕವಿಲ್ಲ. ಶತ್ರುವಿನ ಮಾತು ಕೇಳುವ ಕಿವಿ ಮುಚ್ಚಿಹೋಗಬಾರದೆಂಬುದು ಅವರ ಚಿಂತೆ. ಅದು ಸುಳ್ಳು ಚಿಂತೆಯಲ್ಲ. ಆದರೆ ಕೀಲಿ ಮಾಡುವ ವಿದ್ಯೆ ಪುಸ್ತಕದಲ್ಲಿ ಅಚ್ಚಾಗಿ ಲೋಕದ ಎಲ್ಲ ಕಾಲೇಜುಗಳಲ್ಲಿ ಇರುವಾಗ, ಮಾಲನ್ನು ಮಾತ್ರ ಬಂದರಿನಲ್ಲಿ ತಡೆದರೆ ಏನು ಉಪಯೋಗ?

ಪುಸ್ತಕದ ಮಾತು ಬಂತಲ್ಲ, ಅದನ್ನೂ ಕೇಳಿ. ಬ್ರೂಸ್ ಶ್ನಯರ್ ಎಂಬುವರ ‘ಅಪ್ಲೈಡ್ ಕ್ರಿಪ್ಟಾಗ್ರಫಿ’ ಎಂಬ ಪುಸ್ತಕದ ಕೊನೆಗೆ ಗೂಢಲಿಪಿಯ ಪ್ರೋಗ್ರಾಮುಗಳನ್ನು ಸಾಲು ಸಾಲಾಗಿ ಅಚ್ಚು ಹಾಕಿದ್ದರು. ಫಿಲ್ ಕಾರ್ನ್ ಎಂಬ ಇಂಜಿನಿಯರು 1994ರಲ್ಲಿ, ಈ ಪುಸ್ತಕವನ್ನು ಹೊರದೇಶಕ್ಕೆ ಕಳಿಸಬಹುದೇ ಎಂದು ಸರಕಾರವನ್ನು ಕೇಳಿದರು. ಕಳಿಸಬಹುದು ಎಂದರು. ಅದೇ ಸಾಲುಗಳನ್ನು ಫ್ಲಾಪಿಯಲ್ಲಿ ಹಾಕಿ ಕಳಿಸಬಹುದೇ ಎಂದರೆ ಕೂಡದು, ಅದು ಶಸ್ತ್ರ ಎಂದರು! ಪಿಜಿಪಿ ಎಂಬ ಸಾಧನವನ್ನು 1991ರಲ್ಲಿ ಮಾಡಿದ ಫಿಲ್ ಜಿಮ್ಮರ್‌ಮನ್ ಅವರ ಮೇಲೆ, ಅದು ಹೊರದೇಶಕ್ಕೆ ಹೋಯಿತೆಂದು ಸುಮಾರು ಮೂರು ವರ್ಷ ತನಿಖೆ ನಡೆಯಿತು. 1996ರ ಜನೇವರಿಯಲ್ಲಿ ಯಾವ ಆರೋಪವನ್ನೂ ಹೊರಿಸದೆ ಕೈಬಿಟ್ಟರು. ಆಮೇಲೆ 1997ರಲ್ಲಿ ಪಿಜಿಪಿಯ ಪ್ರೋಗ್ರಾಮನ್ನೇ ಪುಸ್ತಕ ಮಾಡಿ ಅಚ್ಚು ಹಾಕಿಸಿ, ಯುರೋಪಿಗೆ ಒಯ್ದು, ಅಲ್ಲಿ ಪುಟಪುಟವಾಗಿ ಸ್ಕ್ಯಾನ್ ಮಾಡಿ ಮತ್ತೆ ಕಂಪ್ಯೂಟರಿಗೆ ಹಾಕಿದರು. ಎಲ್ಲವೂ ಕಾಯದೆಯ ಪ್ರಕಾರವೇ. ನಮ್ಮ ಜಕಾತಿ ನಾಕೆಗಳಲ್ಲಿ ಗಾಡಿ ತಡೆದರೆ ಮೂಟೆ ತಲೆಯ ಮೇಲೆ ಹೊತ್ತು ದಾಟಿಸಿದ ಹಳೆಯ ಕತೆಗಳು ನೆನಪಾಗುತ್ತವೆ.

ಲೋಟಸ್ ನೋಟ್ಸ್ ಎಂಬ ಆಫೀಸು ಪತ್ರವ್ಯವಹಾರದ ಸಾಫ್ಟ್‌ವೇರಿನವರು 1996ರಲ್ಲಿ ಇನ್ನೊಂದು ದಾರಿ ಹಿಡಿದರು. ಹೊರದೇಶದ ಗಿರಾಕಿಗೂ 64 ಬಿಟ್ ಕೊಡುತ್ತೇವೆ, ಆದರೆ ಅದರಲ್ಲಿ 24 ಬಿಟ್ಟನ್ನು ಎನ್‌ಎಸ್‌ಎ ಮಾತ್ರ ತೆರೆಯುವಂತೆ ಮುಚ್ಚಿ ಪ್ರತಿ ಪತ್ರಕ್ಕೂ ಅಂಟಿಸುತ್ತೇವೆ ಎಂದರು. ಅಂದರೆ ಬೇರೆ ಕಳ್ಳನಿಗೆ 64, ಎನ್‌ಎಸ್‌ಎಗೆ 40. ಕಂಪನಿಯವರು ಇದನ್ನು ಬಹಿರಂಗವಾಗಿ ಹೇಳಿಯೇ ಮಾಡಿದ್ದು, ಆ ಮಟ್ಟಿಗೆ ಪ್ರಾಮಾಣಿಕರು. ಆದರೆ ಹೇಳಿದ್ದು ಗಿರಾಕಿಯ ಕಿವಿಗೆ ಬೀಳಬೇಕಲ್ಲ? ಸ್ವೀಡನ್ ದೇಶದ ಸಂಸತ್ತಿನವರೂ ತೆರಿಗೆ ಇಲಾಖೆಯವರೂ ಇದನ್ನೇ ಬಳಸುತ್ತಿದ್ದರು. 1997ರಲ್ಲಿ ಅಲ್ಲಿಯ ಒಂದು ಪತ್ರಿಕೆ ಬರೆದ ಮೇಲೆ ದೊಡ್ಡ ಗುಲ್ಲಾಯಿತು. ಕೊಂಡವನಿಗೆ ಕೀಲಿಯ ಎರಡನೆಯ ಕೈ ಯಾರ ಹತ್ತಿರ ಇದೆ ಎಂಬುದು ಗೊತ್ತಿಲ್ಲದ ವ್ಯಾಪಾರ ಅದು.

ಕಡೆಗೆ ಕಟ್ಟಳೆ ಸಡಿಲವಾಯಿತು. 1996ರ ಕೊನೆಗೆ ಅಧ್ಯಕ್ಷ ಕ್ಲಿಂಟನ್ನರು ಈ ಮಾಲನ್ನು ಶಸ್ತ್ರದ ಯಾದಿಯಿಂದ ತೆಗೆದು ವಾಣಿಜ್ಯ ಇಲಾಖೆಗೆ ಕೊಟ್ಟರು, ಕೆಲವು ಷರತ್ತಿನ ಮೇಲೆ 56 ಬಿಟ್ ಎಂದರು. 1998ರ ಜುಲೈಯಲ್ಲಿ ಇಎಫ್‌ಎಫ್ ಎಂಬ ಸಂಸ್ಥೆಯವರು ಎರಡೂವರೆ ಲಕ್ಷ ಡಾಲರಿಗಿಂತ ಕಡಿಮೆ ಖರ್ಚಿನಲ್ಲಿ ಒಂದು ಯಂತ್ರ ಕಟ್ಟಿ 56 ಬಿಟ್ಟನ್ನೂ 56 ಗಂಟೆಗಳಲ್ಲಿ ಒಡೆದರು. ಇತ್ತ ಹೊರದೇಶದ ಕಂಪನಿಗಳು ಗಟ್ಟಿ ಕೀಲಿ ಮಾಡಿ ಮಾರತೊಡಗಿದ್ದರಿಂದ ಅಮೇರಿಕದ ಕಂಪನಿಗಳಿಗೆ ಗಿರಾಕಿ ತಪ್ಪುವ ಭಯ. ಪ್ರೋಗ್ರಾಮು ಬರೆಯುವುದೂ ಮಾತಾಡಿದಂತೆಯೇ, ಅದಕ್ಕೆ ತಡೆ ಕೂಡದೆಂದು ಒಬ್ಬ ಗಣಿತಜ್ಞರು ಹೂಡಿದ ದಾವೆಯಲ್ಲಿ 1999ರಲ್ಲಿ ಅಲ್ಲಿಯ ಅಪೀಲು ಕೋರ್ಟು ಅವರ ಪರವಾಗಿ ಹೇಳಿತು. 2000ದ ಜನೇವರಿಯಲ್ಲಿ ಹೊಸ ನಿಯಮ ಬಂತು. ಒಂದು ಸಲ ಪರೀಕ್ಷೆ ಆದ ಮೇಲೆ ಅಂಗಡಿಯಲ್ಲಿ ಸಿಗುವ ಮಾಲನ್ನು ಎಷ್ಟು ಬಿಟ್ ಇದ್ದರೂ ಹೊರಗೆ ಕಳಿಸಬಹುದು, ನಿಷೇಧಿಸಿದ ಕೆಲವು ದೇಶಗಳನ್ನು ಬಿಟ್ಟು. ಬೀಗರ ವಾಟ್ಸಾಪಿಗೆ ಗಟ್ಟಿ ಕೀಲಿ ಇರುವುದು ಆ ಬಾಗಿಲು ತೆರೆದದ್ದರಿಂದ.

ಕಟ್ಟಳೆ ಹೋದರೂ ಅದರ ಸೆಕೆಂಡ್ಸ್ ಮಾಲು ಗೋದಾಮಿನಲ್ಲಿ ಉಳಿದೇ ಇತ್ತು. 2015ರ ಮಾರ್ಚಿನಲ್ಲಿ ಸಂಶೋಧಕರು ಒಂದು ಹುಳುಕು ಹೊರಗೆ ತಂದರು, ಅದಕ್ಕೆ ‘ಫ್ರೀಕ್’ ಎಂದು ಹೆಸರು. ಹದಿನೈದು ವರ್ಷದ ಮೇಲೂ ಎಷ್ಟೋ ಜಾಲತಾಣಗಳು ಹಳೆಯ ಎಕ್ಸ್‌ಪೋರ್ಟ್ ಕೀಲಿಯನ್ನು ಒಳಗೆ ಇಟ್ಟುಕೊಂಡೇ ಇದ್ದವು. ನಡುವೆ ನಿಂತ ಕಳ್ಳನು ಉಪಾಯದಿಂದ, ಎರಡೂ ಕಡೆಯವರು ಗಟ್ಟಿ ಕೀಲಿ ಬಿಟ್ಟು ಆ ಹಳೆಯದನ್ನೇ ಹಾಕುವಂತೆ ಮಾಡಬಹುದಿತ್ತು. ಬಾಡಿಗೆ ಕಂಪ್ಯೂಟರಿನಲ್ಲಿ ಸುಮಾರು 100 ಡಾಲರ್ ಖರ್ಚು, ಏಳೆಂಟು ಗಂಟೆಯ ಕೆಲಸ, ಕೀಲಿ ಕೈಗೆ. ಅಮೇರಿಕದಲ್ಲಿ ಕುಳಿತು ಅಮೇರಿಕದ ತಾಣ ನೋಡುವವನಿಗೂ ಇದೇ ಅಪಾಯ. ಹೀಗೆ ಹುಳುಕು ಇದ್ದ ತಾಣಗಳಲ್ಲಿ ಎನ್‌ಎಸ್‌ಎಯ ಸ್ವಂತ ತಾಣವೂ ಒಂದಾಗಿತ್ತು. ಹೊರಗಿನವರಿಗೆಂದು ಮಾಡಿದ ಸಡಿಲು ಕೀಲಿ ಮನೆಯ ಬಾಗಿಲಿಗೇ ಬಂದು ಕುಳಿತಿತು. ನಮ್ಮ ಅಂಗಡಿಗಳಲ್ಲಿ ಹತ್ತು ವರ್ಷದ ಕಂಪ್ಯೂಟರು, ಅಪ್‌ಡೇಟ್ ನಿಂತುಹೋದ ಫೋನು ಇಟ್ಟುಕೊಂಡು ಬ್ಯಾಂಕಿನ ವ್ಯವಹಾರ ಮಾಡುವವರು ಈ ಒಂದು ಸಂಗತಿಯನ್ನಾದರೂ ಮನಸ್ಸಿಗೆ ತಂದುಕೊಳ್ಳಬೇಕು.

ನಮ್ಮ ದೇಶದ ಮಾತು ಬಿಟ್ಟರೆ ಪಕ್ಷಪಾತವಾದೀತು. 1990ರ ದಶಕದ ಕೊನೆಗೆ ಇಂಟರ್‌ನೆಟ್ ಕಂಪನಿಗಳಿಗೆ ಕೊಟ್ಟ ಲೈಸೆನ್ಸಿನಲ್ಲಿ, ಅನುಮತಿ ಇಲ್ಲದೆ 40 ಬಿಟ್ಟಿಗಿಂತ ಹೆಚ್ಚಿನ ಕೀಲಿ ಬಳಸಬಾರದು, ಬಳಸುವುದಾದರೆ ಕೀಲಿಕೈಯ ಪ್ರತಿಯನ್ನು ಸರಕಾರಕ್ಕೆ ಒಪ್ಪಿಸಬೇಕು ಎಂಬ ಷರತ್ತು ಇತ್ತು. 2001ರಲ್ಲಿ ರಿಸರ್ವ್ ಬ್ಯಾಂಕು ಇಂಟರ್‌ನೆಟ್ ಬ್ಯಾಂಕಿಂಗಿಗೆ ಕಡಿಮೆ ಎಂದರೂ 128 ಬಿಟ್ ಇರಬೇಕೆಂದಿತು. ಒಂದು ಕಚೇರಿ 40ರ ಮೇಲೆ ಬೇಡ ಎಂದರೆ ಇನ್ನೊಂದು 128ರ ಕೆಳಗೆ ಬೇಡ ಎಂದಿತು! 2015ರ ಸಪ್ಟೆಂಬರಿನಲ್ಲಿ ಕೇಂದ್ರ ಸರಕಾರ ಒಂದು ಕರಡು ನೀತಿ ಹೊರಡಿಸಿತು. ಗೂಢಲಿಪಿಯಲ್ಲಿ ಕಳಿಸಿದ ಒಕ್ಕಣೆಯ ಬಿಚ್ಚು ಪ್ರತಿಯನ್ನು ವ್ಯಾಪಾರಿಗಳೂ ಸಾಮಾನ್ಯ ಜನರೂ 90 ದಿನ ಕಾದಿಡಬೇಕು, ಕೇಳಿದರೆ ತೋರಿಸಬೇಕು ಎಂದು ಅದರಲ್ಲಿತ್ತು. ಜನ ಗದ್ದಲ ಎಬ್ಬಿಸಿದ ಕೂಡಲೇ ಹಿಂದಕ್ಕೆ ತೆಗೆದುಕೊಂಡರು. 2017ರ ಡಿಸೆಂಬರಿನಲ್ಲಿ ಭಾರತವೂ ವಾಸೆನಾರ್ ಎಂಬ ರಫ್ತು ಹತೋಟಿಯ ಒಕ್ಕೂಟವನ್ನು ಸೇರಿತು. ನಮ್ಮ ಸಮಾಜದ ಎಷ್ಟೋ ಮಕ್ಕಳು ಪುಣೆ, ಹೈದರಾಬಾದಿನಲ್ಲಿ ಸಾಫ್ಟ್‌ವೇರ್ ಬರೆಯುತ್ತಾರೆ. ಸ್ವಂತ ಕಂಪನಿ ತೆಗೆದವರು ಗೂಢಲಿಪಿಯ ಸಾಧನವನ್ನು ಹೊರದೇಶಕ್ಕೆ ಮಾರುವ ಮೊದಲು ‘ಸ್ಕೋಮೆಟ್’ ಯಾದಿಯನ್ನು ತೆಗೆದು ನೋಡಲಿ, ಇಲ್ಲವೇ ಬಲ್ಲವರನ್ನು ಕೇಳಲಿ.

ತಂದೆಯವರು ಹೋಗಿ ಹನ್ನೊಂದು ವರ್ಷವಾಯಿತು. ಈ ವಿಷಯ ಬಂದಾಗಲೆಲ್ಲ ತಮ್ಮನಿಗೂ ನನಗೂ ಇಂದಿಗೂ ವಾದ. ಆ ಗುಂಡಿ ಒತ್ತಿದ್ದರೆ ಯಾರ ಗಂಟು ಹೋಗುತ್ತಿತ್ತು ಎಂದು ಅವನು. ಹಡಗಿನ ಕಾಗದ, ಬ್ಯಾಂಕಿನ ಕಾಗದ, ದಿನಕ್ಕೆ ಹತ್ತು ಕಡೆ ‘ಮೇಲಿನದು ಖರೆ’ ಎಂದು ಸಹಿ ಮಾಡುವವರು ಒಂದು ಕಡೆ ಸುಳ್ಳು ಬರೆದರೆ ಉಳಿದ ಒಂಬತ್ತರ ಗತಿಯೇನು ಎಂದು ನಾನು. ಇದನ್ನು ಬರೆಯುವ ಮೊದಲು ತಾರೀಖು ನೋಡಿಕೊಳ್ಳೋಣವೆಂದು 1998ರ ಫೈಲು ತೆಗೆಸಿದೆ. ಖರೀದಿದಾರರ ಆ ಫ್ಯಾಕ್ಸ್ ಉತ್ತರ ಫೈಲಿನಲ್ಲಿ ಇದೆ, ಆದರೆ ಅಂದಿನ ಆ ನುಣುಪು ಕಾಗದದ ಮೇಲಿನ ಅಕ್ಷರವೆಲ್ಲ ಮಾಸಿ ಪೂರ್ತಿ ಬೆಳ್ಳಗಾಗಿದೆ. ತಮ್ಮನಿಗೆ ತೋರಿಸಿದೆ. ಬೆಳಕಿಗೆ ಹಿಡಿದು ನೋಡಿ ನಕ್ಕ. ‘ಅಣ್ಣಾ, ಇದನ್ನ ಈಗ ಎನ್‌ಎಸ್‌ಎದವರೂ ಓದಲಾರರು.’